ಗಜನಿ ಕೇರಿಗೆ ಮತ ಕೇಳಲು ಹೊರಟವನಿಗೆ

ತಮಾ, ಮೊದಲು ಆ ಶಾಲು ಕಳಚು.
ಪಕ್ಷದ ಬಣ್ಣ ಬೈಕಿನ ಡಿಕ್ಕಿಯಲ್ಲಿರಲಿ.
ಮಿರ್ಜಾನಿನ ಸೇತುವೆ ದಾಟಿ ಒಡ್ಡಿನ ಮೇಲೆ ಬರುವಾಗ
ಹಾರ್ನು ಬೇಡ,
ಜಂತ್ರಡಿಯ ಬಾಯಿಗೆ ಬಲೆ ಕಟ್ಟಿ
ಸಿಗಡಿ ಕಾಯುವವರು ಕೂತಿರುತ್ತಾರೆ.

ಈ ಕೇರಿಯಲ್ಲಿ ನೂರಾ ನಲವತ್ತು ಮತ.
ಹೋದ ಸಲ ನಮಗೆ ಬಿದ್ದದ್ದು ಹನ್ನೊಂದು.
ಅದರಲ್ಲೂ ಎರಡು, ಕಣ್ಣು ಮಂಜಾದವರು
ಗುಂಡಿ ತಪ್ಪಿ ಒತ್ತಿದ್ದೆಂದು ನನ್ನ ಗುಮಾನಿ.

ದೇಶ, ದಿಲ್ಲಿ, ಪೂರ್ವಜರ ಪ್ರತಾಪ
ಎಲ್ಲ ಜಗಲಿ ಹತ್ತುವ ಮೊದಲೇ ನುಂಗಿಬಿಡು.
ಸಾತು ಅಂಬಿಗಳ ಗೋಡೆಯಲ್ಲಿ ಒಂದು ಪಟವಿದೆ,
ಗೇಣಿ ಹೋರಾಟದ ಹಮ್ಮಣ್ಣ ಮಾಸ್ತರು,
ಎಡಗಣ್ಣನ್ನು ಗೆದ್ದಲು ತಿಂದಿದೆ.
ಅದಕ್ಕೆ ಬೆನ್ನು ಹಾಕಿ ಕೂರಬೇಡ.
'ಆ ಕಾಲ ಮುಗೀತಲ್ಲ ಅಮ್ಮಾ' ಅಂದೆಯೋ,
ನಿನ್ನ ಚಾ ಅರ್ಧಕ್ಕೇ ತಣಿಯುತ್ತದೆ.

ಉಳುವವನಿಗೆ ಭೂಮಿ ಎಂಬ ಕಾನೂನು ಬಂದದ್ದು ಬೆಂಗಳೂರಿನಲ್ಲಿ.
ಈ ಕೇರಿಗೆ ಅದು ಬಂದದ್ದು ಒಬ್ಬ ಮನುಷ್ಯನ ಕೈಬರಹದಲ್ಲಿ.
ಚಿಮಣಿ ಬುಡ್ಡಿ ಇಟ್ಟುಕೊಂಡು ಏಳನೇ ನಮೂನೆ ತುಂಬುತ್ತ
'ಹೆಬ್ಬೆಟ್ಟು ಇಲ್ಲಿ ಒತ್ತು, ಹೆದರಬೇಡ' ಅಂದರಂತೆ.
ಸಾತುವಿನ ಅಪ್ಪ ಒತ್ತಿದ.
ಒಡೆಯರ ಮನೆಯ ನಾಯಿ ಹೊರಗೆ ಬೊಗಳುತ್ತಿತ್ತು.
ನಕಲು ಪ್ರತಿ ಇನ್ನೂ ಅಕ್ಕಿ ಡಬ್ಬಿಯ ತಳದಲ್ಲಿದೆ.

ಈಗ ಕೇಳು, ಬಾಗಿಲು ಎಲ್ಲಿದೆ ಅಂತ.
ಮಾಸ್ತರ ಅಳಿಯನೇ ಸೊಸೈಟಿಯ ಅಧ್ಯಕ್ಷ,
ಸಿಗಡಿ ಹರಾಜು ಹಿಡಿಯುವವನೂ ಅವನ ಭಾವ.
ಒಡ್ಡು ಒಡೆದು ನಾಲ್ಕು ಮಳೆಗಾಲ ಹೋಯಿತು.
ಉಪ್ಪುನೀರು ನಿಂತಷ್ಟೂ ಅವರಿಗೆ ಲಾಭ,
ಕಗ್ಗ ಬಿತ್ತಿದವರಿಲ್ಲ.
ಇದನ್ನು ನೀನು ಹೇಳಬಾರದು.
'ಒಡ್ಡಿಗೆ ಎಷ್ಟು ಬುಟ್ಟಿ ಮಣ್ಣು ಬೇಕಾದೀತು?'
ಎಂದಷ್ಟೇ ಕೇಳಿ ಸುಮ್ಮನಿರು.
ಬೈಗುಳ ತಾನಾಗಿ ಬರುತ್ತದೆ.
ಬಂದಾಗ ನೀನು ಸೇರಿಸಬೇಡ,
ಅವರ ಮಾಸ್ತರನ್ನು ಅವರೇ ಬೈದರೂ
ನೀನು ಬೈಯುವ ಹಾಗಿಲ್ಲ.

ಇನ್ನೊಂದು. ಏಳು ತಿಂಗಳಿಂದ ಸಾತುವಿಗೆ ಪಿಂಚಣಿ ಬಂದಿಲ್ಲ.
ಬಳಚು ಹೆಕ್ಕಿ ಹೆಕ್ಕಿ ಬೆರಳ ಗೆರೆ ಸವೆದಿದೆ,
ಮಶೀನು ಅವಳನ್ನು ಗುರುತಿಸುತ್ತಿಲ್ಲ.
ಕಣ್ಣು ನೋಡಿ ಹಿಡಿಯುವ ಯಂತ್ರ ಕುಮಟೆಯಲ್ಲಿದೆ.
ಕರೆದೊಯ್ಯಿ. ದಾರಿಯಲ್ಲಿ ಮತದ ಮಾತು ಎತ್ತಬೇಡ,
ಎತ್ತಿದರೆ ಅದು ಸಾಲ.
ಸಾಲ ತೀರಿಸುವುದು ಇವರಿಗೆ ಚೆನ್ನಾಗಿ ಗೊತ್ತು,
ಒಮ್ಮೆ ತೀರಿಸಿ ಕೈ ತೊಳೆದುಕೊಳ್ಳುತ್ತಾರೆ.

ಕಾರವಾರದ ಸಭೆಯಲ್ಲಿ ನಮ್ಮ ಮುಖಂಡರು
'ಪುಕ್ಕಟೆ ಅಕ್ಕಿ ಜನರನ್ನು ಸೋಮಾರಿ ಮಾಡಿತು' ಅಂದರಲ್ಲ,
ಫ್ಯಾನಿನ ಕೆಳಗೆ ನೀನೂ ಚಪ್ಪಾಳೆ ತಟ್ಟಿದೆ.
ನಸುಕಿಗೆ ಎದ್ದು ಬಂದು ಒಂದು ದಿನ ನೋಡು,
ಸೊಂಟದ ನೀರಲ್ಲಿ ನಿಂತು ಕಾಲಬೆರಳಲ್ಲಿ
ಕೆಸರು ತಡವುವ ಆ ಸೋಮಾರಿಗಳನ್ನು.
ಆ ಭಾಷಣ ಇಲ್ಲಿ ಮಾಡಬೇಡ.
ಸಾಧ್ಯವಾದರೆ ಮನಸ್ಸಿನಲ್ಲೂ.

ಇದೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀ.
ಆ ರಾತ್ರಿ ಶಾಯಿಪ್ಯಾಡು ಹಿಡಿದುಕೊಂಡು
ಮಾಸ್ತರ ಹಿಂದೆ ನಡೆದ ಹತ್ತು ವರ್ಷದ ಹುಡುಗ
ನಾನೇ. ಅಂಗಿಗೆ ಮೆತ್ತಿದ ಕಲೆಗೆ
ಮನೆಯಲ್ಲಿ ಪೆಟ್ಟೂ ತಿಂದಿದ್ದೆ.

ಮೊನ್ನೆ ಸಾತು ನನ್ನನ್ನೇ ನೋಡುತ್ತ ಹೇಳಿದಳು:
'ಅವ್ರ ಹಾಂಗೇ ಕೂರ್ತೆ, ಅವ್ರ ಹಾಂಗೇ ಚಾ ಸುರೀತೆ.
ಹಂಗಾರೆ ಅಲ್ಲಿಂದ ಯಂತಕ್ಕೆ ಹೋದೆ ಮಾರಾಯಾ?'

ಲೋಟ ಕೆಳಗಿಟ್ಟೆ.
ಒಡ್ಡಿನ ಕಡೆ ನೋಡಿದೆ. ಚಪ್ಪಲಿ ಹುಡುಕಿದೆ.

ನಿನ್ನ ಹತ್ತಿರ ಉತ್ತರ ಇದ್ದರೆ ಹೋಗು.
ಇಲ್ಲದಿದ್ದರೂ ಹೋಗು,
ನೀರು ಇಳಿಯುವ ಹೊತ್ತು ಮಾತ್ರ ತಪ್ಪಿಸು.
ಆಗ ಮನೆಯಲ್ಲಿ ಯಾರೂ ಇರುವುದಿಲ್ಲ.